ಪರದೆಯಲ್ಲಿದೆ, ಫೈಲಿನಲ್ಲಿಲ್ಲ

ಕೊಬ್ಬರಿ ಮಂಡಿಯೊಂದರ 1990ರ ದಶಕದ ಲೆಕ್ಕ ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆಯ ಪ್ರೋಗ್ರಾಮಿನಲ್ಲಿ ಉಳಿದಿದೆ ಅಂದುಕೊಳ್ಳಿ. ರೈತರ ಹೆಸರು, ಚೀಲ, ತೂಕ, ಕ್ವಿಂಟಲ್ ದರ, ಹಮಾಲಿ, ಎಲ್ಲವೂ ಅದರಲ್ಲಿದೆ. ಆಗಿನ ಕಂಪ್ಯೂಟರು ಗುಜರಿಗೆ ಹೋಗಿದೆ. ಮಂಡಿಯವರ ಅಮ್ಮಸಂದ್ರದ ಮನೆಯಲ್ಲಿ ಈಗಿರುವುದು ಹೊಸ ಲ್ಯಾಪ್‌ಟಾಪ್. ಅದರಲ್ಲಿ ಹಳೆಯ ಯಂತ್ರದ ವೇಷ ಹಾಕಬಲ್ಲ ತಂತ್ರಾಂಶವೇ ಎಮ್ಯುಲೇಟರ್. ಡಾಸ್‌ಬಾಕ್ಸ್ ಅಂಥದ್ದು. 386, 486 ಪ್ರೊಸೆಸರ್, ಪರದೆ, ಕೀಲಿಮಣೆ, ಡಿಸ್ಕ್ ಎಲ್ಲವನ್ನೂ ಅದು ನಟಿಸುತ್ತದೆ. ಮಾಡಿದ್ದು ಆಟಗಳಿಗಾಗಿ, ಆದರೆ ಲೆಕ್ಕಪತ್ರವೂ ಓಡುತ್ತದೆ.

ತೊಂದರೆ ಶುರುವಾಗುವುದು ಬ್ಯಾಚ್ ಫೈಲಿನಲ್ಲಿ. ಸಾಲಿಗೊಂದು ಆದೇಶ ಬರೆದಿಟ್ಟ ಪಟ್ಟಿ ಅದು. ಪ್ರೋಗ್ರಾಮಿನ ಹೆಸರಿನ ಮುಂದೆ ‘>’ ಹಾಕಿ ಫೈಲಿನ ಹೆಸರು ಕೊಟ್ಟರೆ ಉತ್ತರ ಫೈಲಿಗೆ ಬೀಳಬೇಕು. ಪರದೆ ಮೇಲೆ ಅಂಕಿ ಸರಸರನೆ ಓಡುತ್ತವೆ. ಫೈಲ್ ತೆರೆದರೆ ಖಾಲಿ!

ಡಾಸ್ ಕಾಲದ ಪ್ರೋಗ್ರಾಮಿಗೆ ಪರದೆಗೆ ಬರೆಯಲು ಒಂದಕ್ಕಿಂತ ಹೆಚ್ಚು ದಾರಿಗಳಿದ್ದವು. ಡಾಸ್ ಮೂಲಕ ಕೇಳುವುದು ನೆಟ್ಟಗಿನ ದಾರಿ, ಆದರೆ ನಿಧಾನ. ಅವಸರದ ಪ್ರೋಗ್ರಾಮರುಗಳು ಡಾಸನ್ನು ಪಕ್ಕಕ್ಕಿಟ್ಟು ನೇರವಾಗಿ ಪರದೆಯ ಸ್ಮೃತಿಗೇ ಬರೆಯುತ್ತಿದ್ದರು. ಒಂದು ಸಾಲಿಗೆ 80 ಅಕ್ಷರ, 25 ಸಾಲು, ಅಕ್ಷರಕ್ಕೊಂದು ಬೈಟು, ಬಣ್ಣಕ್ಕೊಂದು ಬೈಟು: ಒಟ್ಟು 4000 ಬೈಟಿನ ಜಾಗ. ‘>’ ಕಾವಲು ಕಾಯುವುದು ಡಾಸ್ ಬಾಗಿಲಲ್ಲಿ ಮಾತ್ರ. ಬೇಲಿ ಹಾರಿ ತೋಟಕ್ಕೆ ನುಗ್ಗಿದವರು ಅದರ ಕಣ್ಣಿಗೆ ಬೀಳುವುದಿಲ್ಲ. ಇದು ಎಮ್ಯುಲೇಟರಿನ ತಪ್ಪಲ್ಲ, ಅಸಲಿ ಡಾಸ್ ಯಂತ್ರದಲ್ಲೂ ಹೀಗೇ ಆಗುತ್ತಿತ್ತು. ಇಂಥ ಪ್ರೋಗ್ರಾಮಿನ ಮೆನುವಿನಲ್ಲಿ ಪ್ರಿಂಟಿಗೆ ಕಳಿಸುವ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ. ಡಾಸ್‌ಬಾಕ್ಸ್-ಎಕ್ಸ್ ಎಂಬ ಕವಲು ಆವೃತ್ತಿ ಪ್ರಿಂಟರಿಗೆ ಹೋಗುವುದನ್ನು ಫೈಲಿಗೆ ಇಳಿಸಿಕೊಡುತ್ತದೆ.

ಫೈಲೇ ಹುಟ್ಟಲಿಲ್ಲವಾದರೆ ನೀವು ಯಾವ ಡ್ರೈವಿನಲ್ಲಿದ್ದೀರಿ ನೋಡಿ. ಡಾಸ್‌ಬಾಕ್ಸ್ ತೆರೆದುಕೊಳ್ಳುವುದು ತನ್ನದೇ ಝಡ್ ಡ್ರೈವಿನಲ್ಲಿ. ಅಲ್ಲಿ ಬರೆಯಲು ಬಿಡುವುದಿಲ್ಲ. ಲೆಕ್ಕದ ಫೋಲ್ಡರನ್ನು ಸಿ ಡ್ರೈವಾಗಿ ಮೌಂಟ್ ಮಾಡಿ (ಜೋಡಿಸಿ) ಅಲ್ಲಿಗೆ ಬನ್ನಿ. ಒಂದು ಬ್ಯಾಚ್ ಇನ್ನೊಂದನ್ನು ಕರೆಯುವಾಗ ‘ಕಾಲ್’ ಬಿಟ್ಟಿದ್ದರೆ ಮೊದಲನೆಯದಕ್ಕೆ ಮರಳುವುದೇ ಇಲ್ಲ, ಉಳಿದ ಸಾಲುಗಳು ಹಾಗೇ ಬಿದ್ದಿರುತ್ತವೆ. ಕೊನೆಗೊಂದು ‘ಪಾಜ್’ (PAUSE) ಹಾಕಿದರೆ ಕಿಟಕಿ ಮುಚ್ಚುವ ಮುನ್ನ ದೋಷದ ಸಾಲನ್ನು ಓದಬಹುದು.

ಫೈಲ್ ಸಿಕ್ಕಿತು, ಆದರೆ ಡಾಸ್‌ಬಾಕ್ಸಿನಲ್ಲಿ ನೋಡಿದರೆ ಕನ್ನಡವಿಲ್ಲ, ಬರೀ ಅಡ್ಡಗೆರೆ, ನಿಲುಗೆರೆ, ಗ್ರೀಕ್ ಅಕ್ಷರ. ಇದು ನಮ್ಮದೇ ಸಮಸ್ಯೆ, ವಿದೇಶಿ ಕೈಪಿಡಿಗಳಲ್ಲಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಡಾಸ್ ಪರದೆಗೆ ಗೊತ್ತಿದ್ದದ್ದು 256 ಚಿಹ್ನೆ. ಕನ್ನಡ ತೋರಿಸಲು ಜಿಸ್ಟ್ ಎಂಬ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸುತ್ತಿದ್ದರು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ಅದು ಬಳಸುತ್ತಿದ್ದ ಸಂಕೇತ ಪದ್ಧತಿ ಇಸ್ಕಿ, 1991ರ ಭಾರತೀಯ ಮಾನಕ. ಇಸ್ಕಿಯಲ್ಲಿ ‘ಕ’ಕ್ಕೆ 179. ಹಿಂದಿಯ ‘ಕ’ಕ್ಕೂ ಅದೇ 179, ಲಿಪಿ ಮಾತ್ರ ಬದಲು. ಜಿಸ್ಟ್ ಇಲ್ಲದ ಅಮೆರಿಕದ ಪರದೆಗೆ 179 ಎಂದರೆ ಚೌಕ ಎಳೆಯುವ ನಿಲುಗೆರೆ. ಕಾರ್ಡಿನ ನಟನೆ ಡಾಸ್‌ಬಾಕ್ಸಿಗೆ ಬರದು, ಹಾಗಾಗಿ ಗೆರೆಗಳೇ ಕಾಣುತ್ತವೆ.

ಆದರೆ ಅಕ್ಷರಗಳು ಕೆಟ್ಟಿಲ್ಲ. ಯೂನಿಕೋಡಿನ ಭಾರತೀಯ ಲಿಪಿಗಳ ಜೋಡಣೆಗೆ ಇಸ್ಕಿಯೇ ಆಧಾರವಾದ್ದರಿಂದ ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವುದು ಕಷ್ಟವಲ್ಲ. ಅದಕ್ಕೆ ಮೊದಲು ಆ ಗೆರೆಗಳ ಫೈಲನ್ನು ಹೊಸ ಎಡಿಟರಿನಲ್ಲಿ ತೆರೆದು ‘ಸೇವ್’ ಒತ್ತಬೇಡಿ. ಬೈಟುಗಳು ಅಲ್ಲೇ ಅದಲುಬದಲಾಗಬಹುದು. ಇಡೀ ಫೋಲ್ಡರಿನ ನಕಲು ಮಾಡಿಟ್ಟು, ಪ್ರಯೋಗವನ್ನೆಲ್ಲ ನಕಲಿನ ಮೇಲೆ ನಡೆಸಿ.