ತೀರ್ಪಿನ ನಂತರವೂ ತೆರೆದಿರುವ ಬಾಗಿಲು

ಪರದೇಶಕ್ಕೆ ಹೊರಟವರ ಕೈಯಲ್ಲಿ ಒಂದು ಪೊಟ್ಟಣ ಕೊಟ್ಟು ಕಳುಹಿಸುವುದು ನಮ್ಮ ಕರಾವಳಿಯ ಮನೆಮನೆಗಳ ವಾಡಿಕೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಹೀಗೆ ಏನಾದರೊಂದು ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನಿಗೋ ಅಳಿಯನಿಗೋ ತಲುಪಲೆಂಬ ಆಸೆ. ಪೆಟ್ಟಿಗೆಯಲ್ಲಿ ಒಂದಿಷ್ಟು ಜಾಗ ಕೇಳುವುದಕ್ಕೆ ನಾವು ಸಂಕೋಚಪಡುವುದಿಲ್ಲ. ಕೇಳಿದವರಿಗೆ ಇಲ್ಲವೆನ್ನುವುದಕ್ಕೆ ಮಾತ್ರ ನಮಗೆ ಸಂಕೋಚ. ಈ ಸಂಕೋಚವೇ ಒಂದು ಕುಟುಂಬವನ್ನು ಸೆರೆಮನೆಗೆ ತಳ್ಳಿದ ಕಥೆಯನ್ನು ವಾಚಕರ ಮುಂದಿಡಬಯಸುತ್ತೇವೆ.

2019ರ ಜುಲೈ ತಿಂಗಳಲ್ಲಿ ಮುಂಬಯಿಯ ಯುವ ದಂಪತಿಗಳು ಕತಾರಿನ ದೋಹಾ ವಿಮಾನ ನಿಲ್ದಾಣದಲ್ಲಿ ಇಳಿದರು. ಈ ಪ್ರವಾಸವನ್ನು ಉಡುಗೊರೆಯಾಗಿ ಏರ್ಪಡಿಸಿದವರು ಹತ್ತಿರದ ಸಂಬಂಧಿಯೇ. ಜರ್ದಾ ಎಂದು ಹೇಳಿ ಆ ಸಂಬಂಧಿ ಕೊಟ್ಟ ಪೊಟ್ಟಣ ಅವರ ಸಾಮಾನಿನೊಳಗಿತ್ತು. ತಪಾಸಣೆಯಲ್ಲಿ ಸಿಕ್ಕಿದ್ದು ನಾಲ್ಕು ಕಿಲೋಗಿಂತ ಹೆಚ್ಚು ಹಶೀಶ್. ಅಲ್ಲಿನ ನ್ಯಾಯಾಲಯ ಇಬ್ಬರಿಗೂ 10 ವರ್ಷಗಳ ಸೆರೆವಾಸ ಮತ್ತು ಭಾರಿ ದಂಡ ವಿಧಿಸಿತು. ಪತ್ನಿ ಆಗ ಗರ್ಭಿಣಿ. ಮೊದಲ ಮೇಲ್ಮನವಿ ಕೈಗೂಡಲಿಲ್ಲ. 2020ರ ಫೆಬ್ರವರಿಯಲ್ಲಿ, ತಾಯಿಯ ಸೆರೆವಾಸದ ಕಾಲದಲ್ಲಿಯೇ, ಹೆಣ್ಣು ಮಗು ಜನಿಸಿತು.

ಇಲ್ಲಿಗೆ ಎಲ್ಲವೂ ಮುಗಿಯಿತೆಂದು ಮನೆಯವರು ಕೈಚೆಲ್ಲಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಊರಿನಲ್ಲೇ ಉಳಿದಿದ್ದ ಮೊಬೈಲಿನಲ್ಲಿ ಸಂಬಂಧಿಯ ಮಾತುಗಳು ಮುದ್ರಿತವಾಗಿದ್ದವು. ಅದನ್ನು ಹಿಡಿದುಕೊಂಡು ಅವರು ಮಾದಕ ವಸ್ತು ನಿಯಂತ್ರಣ ದಳಕ್ಕೆ ದೂರಿತ್ತರು. ದಳವು ತನಿಖೆ ನಡೆಸಿ ಆ ಸಂಬಂಧಿಯನ್ನು ಬಂಧಿಸಿತು. ದಂಪತಿಗಳು ಕತಾರಿನ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲೇರಿದರು. 2021ರ ಜನವರಿಯಲ್ಲಿ ಆ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿತು. ಮಾರ್ಚ್ ತಿಂಗಳಲ್ಲಿ ದಂಪತಿಗಳು ನಿರ್ದೋಷಿಗಳೆಂದು ಬಿಡುಗಡೆ ಹೊಂದಿ, ಏಪ್ರಿಲ್‌ನಲ್ಲಿ ಮಗುವಿನೊಡನೆ ತಾಯ್ನಾಡಿಗೆ ಮರಳಿದರು. ಮೊದಲ ಸೋಲಿಗೆ ಅಂಜಿ ಕುಳಿತಿದ್ದರೆ ಆ ಮಗುವಿನ ಬಾಲ್ಯದ ಗತಿ ಏನಾಗುತ್ತಿತ್ತು?

ಮೇಲ್ಮನವಿ ಯಾರಿಗೆ, ಏಕೆ?

ಸೆರೆಮನೆಯಲ್ಲಿರುವವರೆಲ್ಲರೂ ನಿರಪರಾಧಿಗಳೆಂದು ನಾವು ಹೇಳುತ್ತಿಲ್ಲ. ಹಣದಾಸೆಗೆ ಎಳೆಯರ ಕೈಗೆ ವಿಷವಿತ್ತವರು ಅದರ ಫಲ ಉಣ್ಣಲೇಬೇಕು. ಆದರೆ ಮೇಲ್ಮನವಿಯು ನಿರಪರಾಧಿಗೆ ಮಾತ್ರ ಮೀಸಲಾದ ಹಕ್ಕಲ್ಲ. ಆರೋಪ ಸರಿಯಾಗಿ ರುಜುವಾತಾಗಿದೆಯೇ, ಶೋಧ ಮತ್ತು ವಶಪಡಿಸಿಕೊಂಡ ಕ್ರಮ ನ್ಯಾಯಸಮ್ಮತವೇ, ವಿಧಿಸಿದ ಶಿಕ್ಷೆ ತಪ್ಪಿಗೆ ತಕ್ಕಷ್ಟೇ ಆಗಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಅಲ್ಲಿ ಎತ್ತಬಹುದು. ಮೂರನೆಯದನ್ನು ತಪ್ಪಿತಸ್ಥನೂ ಕೇಳಬಹುದು.

ನಮ್ಮ ದೇಶದ ಮಾದಕ ದ್ರವ್ಯ ಕಾಯಿದೆ 1985ರದು. ಆರಂಭದಲ್ಲಿ ಅದು ಸಣ್ಣ ಮಾರಾಟಗಾರನನ್ನೂ ದೊಡ್ಡ ಕಳ್ಳಸಾಗಣೆಗಾರನನ್ನೂ ಹೆಚ್ಚುಕಡಿಮೆ ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು. 2001ರ ತಿದ್ದುಪಡಿ ಶಿಕ್ಷೆಯನ್ನು ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿತು. ಗಾಂಜಾ 1 ಕಿಲೋದವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಹೆರಾಯಿನ್‌ಗೆ ಈ ಮಿತಿಗಳು 5 ಗ್ರಾಂ ಮತ್ತು 250 ಗ್ರಾಂ. ಇಂದು ಯುವಕರ ಜೇಬಿನಲ್ಲಿ ಸಿಗುವ ಎಂಡಿಎಂಎ ಗುಳಿಗೆಗೆ ವಾಣಿಜ್ಯ ಪ್ರಮಾಣ ಕೇವಲ 10 ಗ್ರಾಂ. ಆ ಗೆರೆ ದಾಟಿದರೆ ಕನಿಷ್ಠ 10, ಗರಿಷ್ಠ 20 ವರ್ಷಗಳ ಕಠಿಣ ಸಜೆ, ಜೊತೆಗೆ 1 ಲಕ್ಷದಿಂದ 2 ಲಕ್ಷ ರೂಪಾಯಿ ದಂಡ. ಗೆರೆಯ ಈಚೆಗಿದ್ದರೆ ನ್ಯಾಯಾಧೀಶರಿಗೆ ಕನಿಷ್ಠ ಶಿಕ್ಷೆಯ ಕಟ್ಟುಪಾಡಿಲ್ಲ. ಹೀಗಾಗಿ ತೂಕದಲ್ಲಿ, ಮಾದರಿ ತೆಗೆಯುವಲ್ಲಿ, ಮುದ್ರೆ ಹಾಕುವಲ್ಲಿ ಆದ ಚಿಕ್ಕ ಲೋಪವೂ ಒಬ್ಬನ ಬದುಕಿನ ಹತ್ತು ವರ್ಷಗಳ ಪ್ರಶ್ನೆಯಾಗುತ್ತದೆ.

ಒಂದು ನಿದರ್ಶನ. 1997ರಲ್ಲಿ ಅಮೃತಸರದ ವಿಮಾನ ನಿಲ್ದಾಣದಲ್ಲಿ ಅಫ್ಘಾನಿಸ್ತಾನದ ಪ್ರಜೆಯೊಬ್ಬರ ದ್ರಾಕ್ಷಿಯ ಪೆಟ್ಟಿಗೆಯಲ್ಲಿ ಹೆರಾಯಿನ್ ಸಿಕ್ಕಿತೆಂದು 10 ವರ್ಷಗಳ ಶಿಕ್ಷೆಯಾಯಿತು. ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ವಶಪಡಿಸಿಕೊಂಡ ವಸ್ತುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿರಲಿಲ್ಲ. ಕಾನೂನು ಎಷ್ಟೇ ಕಠಿಣವಾಗಿದ್ದರೂ ಮೊದಲು ರುಜುವಾತುಪಡಿಸುವ ಹೊಣೆ ಆರೋಪ ಹೊರಿಸಿದವರದೇ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. 2020ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಈ ಕಾಯಿದೆಯ ತನಿಖಾಧಿಕಾರಿಗಳ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಆಧರಿಸಿ ಶಿಕ್ಷಿಸಲಾಗದೆಂದು ಅದೇ ನ್ಯಾಯಾಲಯ ಬಹುಮತದಿಂದ ತೀರ್ಪಿತ್ತಿತು. ಮೈ ಶೋಧಿಸುವ ಮುನ್ನ, ಮ್ಯಾಜಿಸ್ಟ್ರೇಟರ ಅಥವಾ ಗೆಜೆಟೆಡ್ ಅಧಿಕಾರಿಯ ಸಮ್ಮುಖದಲ್ಲಿ ಶೋಧ ನಡೆಯಲೆಂದು ಕೇಳುವ ಹಕ್ಕಿದೆಯೆಂದು ಆ ವ್ಯಕ್ತಿಗೆ ತಿಳಿಸಲೇಬೇಕು. ಆದರೆ ಈ ನಿಯಮ ಮೈಗೆ ಮಾತ್ರ, ಕೈಚೀಲಕ್ಕೆ ಅನ್ವಯಿಸದು.

ಮನೆಯವರು ಮಾಡಬೇಕಾದುದು

ಶಿಕ್ಷೆಯಾದ ದಿನ ಮನೆಯವರಿಗೆ ಕಾಣುವುದು ಅವಮಾನವೊಂದೇ. ನೆರೆಹೊರೆಯವರ ಮುಖ ನೋಡಲಾರದೆ ಬಾಗಿಲು ಮುಚ್ಚಿಕೊಳ್ಳುವವರನ್ನು ನಾವು ಬಲ್ಲೆವು. ಆದರೆ ಆ ಮೌನದಲ್ಲಿ ಜಾರಿಹೋಗುವುದು ಅಮೂಲ್ಯವಾದ ಸಮಯ. ವಿಶೇಷ ನ್ಯಾಯಾಲಯದ ತೀರ್ಪಿನ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಲು ಕೋರಬಹುದು. ಸೆರೆವಾಸದ ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕೆಂದು ಕಾನೂನು ಹೇಳುತ್ತದೆ. ಇದು ಕೈದಿಯ ಹಕ್ಕೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1978ರಷ್ಟು ಹಿಂದೆಯೇ ಸಾರಿದ್ದರು.

ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ. ಬಂಧನದಲ್ಲಿರುವ ಯಾವ ವ್ಯಕ್ತಿಯೂ ಉಚಿತ ಕಾನೂನು ನೆರವಿಗೆ ಅರ್ಹ. ಅವರಿಗೆ ಆದಾಯದ ಮಿತಿಯಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು. 15100 ಸಂಖ್ಯೆಗೆ ಕರೆ ಮಾಡಬಹುದು. ಸೆರೆಮನೆಯ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸುವ ಅವಕಾಶವೂ ಕೈದಿಗೆ ಇದೆ.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಬಿಡುಗಡೆ ದೊರೆಯದು. ಶಿಕ್ಷೆಯನ್ನು ಅಮಾನತಿನಲ್ಲಿಡಲು ಪ್ರತ್ಯೇಕವಾಗಿ ಕೋರಬೇಕು. ಈ ಕಾಯಿದೆಯಡಿ ಶಿಕ್ಷೆಯನ್ನು ಅಮಾನತಿನಲ್ಲಿಡಲೇ ಬಾರದೆಂಬ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ತೆಗೆದುಹಾಕಿತು. ಆದರೂ ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ ಷರತ್ತುಗಳು ಬಿಗಿಯಾಗಿವೆ. ಆದ್ದರಿಂದ ತಾಳ್ಮೆ ಬೇಕು, ಕಾಗದಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ತಿಂಗಳಿಗೊಮ್ಮೆಯಾದರೂ ಹೋಗಿ ಮುಖ ತೋರಿಸಬೇಕು. ತನ್ನವರು ತನ್ನನ್ನು ಕೈಬಿಟ್ಟಿಲ್ಲವೆಂಬ ಭರವಸೆ ಕೈದಿಗೆ ಅನ್ನದಷ್ಟೇ ಅಗತ್ಯ.

ವಿದೇಶದಲ್ಲಿ ಸಿಕ್ಕಿಬಿದ್ದವರಿಗೆ ನಮ್ಮ ರಾಯಭಾರ ಕಚೇರಿಯನ್ನು ಸಂಪರ್ಕಿಸುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಬಂದಿದೆ. ಅರಿಯದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ದುಭಾಷಿಯನ್ನು ಕೇಳಬೇಕು. ಬಡವರಾದ ಪ್ರವಾಸಿ ಭಾರತೀಯರ ಕಾನೂನು ನೆರವಿಗೆಂದು 2009ರಿಂದ ರಾಯಭಾರ ಕಚೇರಿಗಳಲ್ಲಿ ಸಮುದಾಯ ಕಲ್ಯಾಣ ನಿಧಿಯೂ ಇದೆ.

ಕಡೆಯದಾಗಿ ಒಂದು ಎಚ್ಚರಿಕೆಯ ಮಾತು. ನಮ್ಮ ಅಡುಗೆಮನೆಯ ಗಸಗಸೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ ವಸ್ತು. ಪಾಯಸಕ್ಕೆಂದು ತಾಯಿ ಕಟ್ಟಿಕೊಟ್ಟ ಪೊಟ್ಟಣವೇ ಮಗನ ಕೈಗೆ ಕೋಳ ತೊಡಿಸಬಹುದು. ಯಾರದೇ ಪೊಟ್ಟಣವಾಗಲಿ, ಬಿಚ್ಚಿ ನೋಡದೆ ಒಯ್ಯಬಾರದು. ಬಿಚ್ಚಬೇಡವೆಂದರೆ ಮುಟ್ಟಲೇ ಬಾರದು. ಆ ಕ್ಷಣದ ನಿಷ್ಠುರ ನಾಲ್ಕು ದಿನದ್ದು.

ಇಷ್ಟಾಗಿಯೂ ಎಡವಿದವರು ನಮ್ಮ ನಡುವೆ ಇರುತ್ತಾರೆ. ಅವರ ತಪ್ಪನ್ನು ತೂಗಲು ನ್ಯಾಯಾಲಯವಿದೆ. ಆ ತಕ್ಕಡಿ ನೆಟ್ಟಗಿದೆಯೇ ಎಂದು ಮೇಲಿನವರು ಒಮ್ಮೆ ನೋಡಲೆಂದು ಕೇಳುವುದು ತಪ್ಪನ್ನು ಮರೆಮಾಚಿದಂತಲ್ಲ. ಅದಕ್ಕೆಂದು ಅರ್ಜಿ ಬರೆಯಲಾರದ ಮನೆಯೊಂದು ನಮ್ಮ ನೆರೆಯಲ್ಲಿದ್ದರೆ, ಆ ಬಾಗಿಲು ತಟ್ಟುವುದಕ್ಕೆ ನಾವೇ ಮೊದಲಿಗರಾಗೋಣ.