ಸಕ್ಕರೆ ತೆಗೆದರು, ವಿಷ ಎದ್ದಿತು

ಮೊಸರು ತಿಂದವರಿಗೆ ಬೊಟುಲಿಸಮ್! ಸೂಕ್ಷ್ಮಜೀವಿಗಳ ಬಗ್ಗೆ ಅಷ್ಟಿಷ್ಟು ಓದಿದವರೂ ಈ ಮಾತು ಕೇಳಿದರೆ ಹುಬ್ಬೇರಿಸುತ್ತಾರೆ. ಮೊಸರು ಹುಳಿ. ಪಿಎಚ್ 4.6ಕ್ಕಿಂತ ಕೆಳಗಿಳಿದ ಹುಳಿಯಲ್ಲಿ, ಈ ಕಾಯಿಲೆ ತರುವ ವಿಷವನ್ನು ಉಗುಳುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಬೆಳೆಯುವುದೇ ಇಲ್ಲ. ಆದರೂ 1989ರ ಜೂನ್‌ನಲ್ಲಿ, ಇಂಗ್ಲೆಂಡಿನ ವಾಯವ್ಯ ಭಾಗ ಮತ್ತು ವೇಲ್ಸ್‌ನಲ್ಲಿ 27 ಮಂದಿ ಬೊಟುಲಿಸಮ್‌ನಿಂದ ಕಾಯಿಲೆ ಬಿದ್ದರು. ಒಬ್ಬರು ತೀರಿಕೊಂಡರು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಇಷ್ಟು ಜನಕ್ಕೆ ಒಟ್ಟಿಗೆ ಬೊಟುಲಿಸಮ್ ತಗಲಿದ್ದೇ ಇಲ್ಲ. ರೋಗಿಗಳು ಏನೇನು ತಿಂದಿದ್ದರೆಂದು ಕೆದಕುತ್ತ ಹೋದರೆ ಸಿಕ್ಕಿದ್ದು ಹೇಜಲ್‌ನಟ್ ಮೊಸರು!

ಹುಳಿ ಮೊಸರಿನಲ್ಲಿ ಹುಟ್ಟಲಾರದ ವಿಷ ಮೊಸರಿಗೆ ಬಂದದ್ದು ಹೇಗೆ? ಎಲ್ಲೋ ಹುಟ್ಟಿ, ಆಮೇಲೆ ಅದರೊಳಗೆ ಸೇರಿರಬೇಕು. ಹೇಜಲ್‌ನಟ್ ಅರೆದು, ಬೇಯಿಸಿ, ಡಬ್ಬಕ್ಕೆ ತುಂಬಿ ಮೊಸರಿನ ಕಾರ್ಖಾನೆಗೆ ಕಳಿಸುತ್ತಿದ್ದರಲ್ಲ, ಅಂಥ ಒಂದು ಡಬ್ಬ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಅದರೊಳಗೆ ವಿಷವೂ ಇತ್ತು. ಮೊಸರು ನಿರಪರಾಧಿ!

ಇನ್ನೂ ದೊಡ್ಡ ಅಚ್ಚರಿ ಮುಂದಿದೆ. ಆ ಹೇಜಲ್‌ನಟ್ ಪಾಕಕ್ಕೆ ಸಕ್ಕರೆಯ ಬದಲು ಆಸ್ಪರ್ಟೇಮ್ ಹಾಕಿದ್ದರು. ಸಿಹಿ ಸಿಹಿಯಾಗಿಯೇ ಇತ್ತು, ಕ್ಯಾಲೊರಿ ಮಾತ್ರ ಇಳಿದಿತ್ತು. ಆದರೆ ಸಕ್ಕರೆ ಅಲ್ಲಿ ಯಾರೂ ಹೇಳದೆಯೇ ಇನ್ನೊಂದು ಕೆಲಸ ಮಾಡುತ್ತಿತ್ತು. ಗಟ್ಟಿ ಪಾಕದಲ್ಲಿ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿಗೆ ಒದ್ದೆ ಕಂಡರೂ ಬ್ಯಾಕ್ಟೀರಿಯಾದ ಪಾಲಿಗೆ ಅಲ್ಲಿ ಬರಗಾಲ. ನಮ್ಮ ಉಪ್ಪಿನಕಾಯಿ ಭರಣಿಯಲ್ಲಿ ಉಪ್ಪು ಮಾಡುವುದೂ ಇದನ್ನೇ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಹಾಗಾಗಿ ಚಿಟಿಕೆಯಷ್ಟು ಹಾಕಿದರೆ ಸಾಕು. ಚಿಟಿಕೆ ಪುಡಿ ಎಷ್ಟು ನೀರನ್ನು ತಾನೇ ಹಿಡಿದೀತು!

ಬೊಟುಲಿನಮ್ ಬೀಜಾಣುಗಳು ಮಣ್ಣಿನಲ್ಲಿ ಎಲ್ಲೆಲ್ಲೂ ಇವೆ. ಕುದಿಯುವ ನೀರಿಗೂ ಜಗ್ಗುವುದಿಲ್ಲ. ಹುಳಿಯಿಲ್ಲದ ಆಹಾರವನ್ನು ಡಬ್ಬಕ್ಕೆ ತುಂಬುವವರು ಒತ್ತಡದಲ್ಲಿಟ್ಟು, ನಟ್ಟನಡುವಿನ ತುತ್ತಿಗೂ 121 ಡಿಗ್ರಿ ಸೆಲ್ಸಿಯಸ್ ಶಾಖ ಮೂರು ನಿಮಿಷವಾದರೂ ತಾಗುವಂತೆ ನೋಡಿಕೊಳ್ಳುವುದು ಇದಕ್ಕೇ. ಈ ಪಾಕಕ್ಕೆ ಅಷ್ಟು ಶಾಖ ಸಿಕ್ಕಿರಲಿಲ್ಲ. ಬದುಕುಳಿದ ಬೀಜಾಣುವಿಗೆ ಮುಚ್ಚಿದ ಡಬ್ಬದಲ್ಲಿ ನೀರು ಸಿಕ್ಕಿತು, ಆಹಾರ ಸಿಕ್ಕಿತು, ಅದಕ್ಕೆ ಆಗದ ಆಮ್ಲಜನಕ ಮಾತ್ರ ಇರಲಿಲ್ಲ. ಇನ್ನೇನು ಬೇಕು?

ಅದು ಉಗುಳುವ ವಿಷದ ಕಥೆಯಂತೂ ಮೈ ಜುಮ್ಮೆನ್ನಿಸುತ್ತದೆ. ಮೊದಲು ರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಬಾಯಿ ಒಣಗುತ್ತದೆ, ನುಂಗಲಾಗುವುದಿಲ್ಲ. ಸೋಲು ಮುಖದಿಂದ ಕೆಳಗಿಳಿಯುತ್ತ ಉಸಿರಾಟದ ಸ್ನಾಯುಗಳಿಗೂ ತಲುಪಬಹುದು. ಬುದ್ಧಿ ಮಾತ್ರ ಪೂರ್ತಿ ಎಚ್ಚರ! ಮೊಸರಿನಲ್ಲಿದ್ದದ್ದು ಬಿ ಬಗೆಯ ವಿಷ. ಅದು ನರದ ತುದಿಗೆ ನುಗ್ಗಿ ಸಿನಾಪ್ಟೊಬ್ರೆವಿನ್ ಎಂಬ ಒಂದೇ ಒಂದು ಪ್ರೋಟೀನನ್ನು ಕತ್ತರಿಸುತ್ತದೆ. ಅಲ್ಲಿಗೆ ನರದ ಅಪ್ಪಣೆ ಸ್ನಾಯುವಿಗೆ ಮುಟ್ಟುವುದೇ ಇಲ್ಲ. ವಿಜ್ಞಾನಿಗಳಿಗೆ ಈ ಗುಟ್ಟು ಗೊತ್ತಾದದ್ದು 1992ರಲ್ಲಿ, ಅಂದರೆ ಮೊಸರಿನ ಪ್ರಕರಣ ಮುಗಿದು ಮೂರು ವರ್ಷಕ್ಕೆ. ಇನ್ನೊಂದು ತಮಾಷೆ ನೋಡಿ: ಇದೇ ವಿಷದ ಸೋದರ, ಎ ಬಗೆಯದ್ದು, ಮೆಳ್ಳೆಗಣ್ಣಿಗೆ ಔಷಧಿಯೆಂದು ಅಮೆರಿಕದಲ್ಲಿ ಅನುಮತಿ ಪಡೆದದ್ದು 1989ರ ಡಿಸೆಂಬರ್‌ನಲ್ಲಿ.

ಜೂನ್‌ನಲ್ಲಿ ಬ್ರಿಟನ್ನಿನ ಅಧಿಕಾರಿಗಳಿಗೆ ಇಷ್ಟೆಲ್ಲ ಬೆರಗಾಗುತ್ತ ಕೂರಲು ಪುರಸೊತ್ತಿರಲಿಲ್ಲ. ಆ ಹೇಜಲ್‌ನಟ್ ಮೊಸರು ಮಾಡಿದ ಕಂಪನಿಯ ಮೊಸರು ತಯಾರಿಕೆ ನಿಂತಿತು, ಅಂಗಡಿಗೆ ಹೋಗಿದ್ದ ಅದರ ಮೊಸರೆಲ್ಲ ವಾಪಸಾಯಿತು, ಪಾಕದ ಡಬ್ಬಗಳನ್ನೂ ಹಿಂದಕ್ಕೆ ಕರೆಸಿಕೊಂಡರು. ಜನರಿಗೆ ಹೇಳಿದ್ದು ಇನ್ನೂ ಖಡಕ್ಕು: ಯಾರು ಮಾಡಿದ್ದೇ ಇರಲಿ, ಹೇಜಲ್‌ನಟ್ ಮೊಸರನ್ನು ಸದ್ಯಕ್ಕೆ ಮುಟ್ಟಲೇಬೇಡಿ.