ಎಂಜಿನ್ ನಿಂತರೆ ಹೆಲಿಕಾಪ್ಟರ್ ಬೀಳುತ್ತದೆಯೇ?

ಮಕ್ಕಳೇ, ಗದಗ ಜಿಲ್ಲೆಯ ಲಕ್ಕಲಕಟ್ಟಿ, ಗಜೇಂದ್ರಗಡದ ಕಡೆ ಹೋದರೆ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಕಾಣುತ್ತವೆ. ಎತ್ತರವಾದ ಕಂಬ, ಅದರ ತುದಿಯಲ್ಲಿ ಮೂರು ಉದ್ದನೆಯ ರೆಕ್ಕೆಗಳು. ಗಾಳಿ ಬೀಸಿದರೆ ರೆಕ್ಕೆಗಳು ತಿರುಗುತ್ತವೆ, ವಿದ್ಯುತ್ ಉತ್ಪತ್ತಿಯಾಗುತ್ತದೆ. ಆ ಭಾಗದ ಮಕ್ಕಳಿಗೆ ಇದು ದಿನವೂ ಕಾಣುವ ನೋಟ.

ಹೆಲಿಕಾಪ್ಟರಿನ ತಲೆಯ ಮೇಲೂ ಇಂಥದೇ ರೆಕ್ಕೆಗಳಿವೆ. ಆದರೆ ಕೆಲಸ ಮಾತ್ರ ತಿರುವುಮುರುವು. ಗಾಳಿಯಂತ್ರದಲ್ಲಿ ಗಾಳಿಯು ರೆಕ್ಕೆಯನ್ನು ತಿರುಗಿಸುತ್ತದೆ. ಹೆಲಿಕಾಪ್ಟರಿನಲ್ಲಿ ಎಂಜಿನ್ ರೆಕ್ಕೆಯನ್ನು ತಿರುಗಿಸುತ್ತದೆ, ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ.

ಹಾಗಾದರೆ ಒಂದು ಪ್ರಶ್ನೆ. ಆಕಾಶದಲ್ಲಿದ್ದಾಗಲೇ ಎಂಜಿನ್ ನಿಂತುಹೋದರೆ ಹೆಲಿಕಾಪ್ಟರಿನ ಗತಿ ಏನು? ವಿಮಾನವಾದರೆ ಹದ್ದಿನಂತೆ ಚಾಚಿದ ರೆಕ್ಕೆಗಳ ಬಲದಿಂದ ತೇಲುತ್ತ ಕೆಳಗಿಳಿಯಬಹುದು. ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆಯೇ? ಉತ್ತರ ತಿಳಿಯಲು ಮೊದಲು ಆಕಾಶದಲ್ಲಿ ಕಸರತ್ತು ಮಾಡುವ ಹೆಲಿಕಾಪ್ಟರುಗಳನ್ನು ನೋಡಿ ಬರೋಣ.

ನವಿಲಿನ ಹೆಸರಿನ ತಂಡ

ಭಾರತೀಯ ವಾಯುಪಡೆಗೆ 'ಸಾರಂಗ್' ಎಂಬ ಹೆಲಿಕಾಪ್ಟರ್ ಪ್ರದರ್ಶನ ತಂಡವಿದೆ. ಕನ್ನಡದಲ್ಲಿ ಸಾರಂಗ ಎಂದರೆ ನಮಗೆ ನೆನಪಾಗುವುದು ಜಿಂಕೆ. ಆದರೆ ಸಂಸ್ಕೃತದಲ್ಲಿ ಈ ಪದಕ್ಕೆ ನವಿಲು ಎಂಬ ಅರ್ಥವೂ ಇದೆ. ತಂಡದ ಹೆಲಿಕಾಪ್ಟರುಗಳ ಮೈಮೇಲೆ ನವಿಲಿನ ಚಿತ್ರವನ್ನೇ ಬರೆದಿದ್ದಾರೆ. ಈ ತಂಡ ರೂಪುಗೊಂಡದ್ದು 2003ರಲ್ಲಿ, ನಮ್ಮ ಬೆಂಗಳೂರಿನಲ್ಲಿ. 2004ರ ಫೆಬ್ರುವರಿಯಲ್ಲಿ ಸಿಂಗಪುರದಲ್ಲಿ ಅದು ತನ್ನ ಮೊದಲ ಸಾರ್ವಜನಿಕ ಪ್ರದರ್ಶನ ನೀಡಿತು. ಮುಂದೆ ತಂಡದ ನೆಲೆ ತಮಿಳುನಾಡಿನ ಸೂಲೂರಿಗೆ ಬದಲಾಯಿತು.

ಸಾರಂಗ್ ತಂಡ ಬಳಸುವ 'ಧ್ರುವ' ಹೆಲಿಕಾಪ್ಟರ್ ಕೂಡ ಬೆಂಗಳೂರಿನದೇ. ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್‌ಎಎಲ್, ಇದನ್ನು ತಯಾರಿಸಿತು. ಇದು ಮೊದಲ ಬಾರಿ ಹಾರಿದ್ದು 1992ರ ಆಗಸ್ಟ್ 20ರಂದು. ಇದಕ್ಕೆ ನಾಲ್ಕು ರೆಕ್ಕೆ, ಎರಡು ಎಂಜಿನ್. ತಲೆಯ ಮೇಲೆ ರೆಕ್ಕೆಗಳು ತಿರುಗುವ ವೃತ್ತದ ಅಡ್ಡಳತೆ ಸುಮಾರು 13 ಮೀಟರ್. ತನ್ನ ತೂಕವೂ ಸೇರಿ ಸುಮಾರು ಐದೂವರೆ ಟನ್ ಭಾರದೊಂದಿಗೆ ಅದು ಮೇಲೇರಬಲ್ಲದು. ಇಂಥ ಯಂತ್ರಗಳು ಎದುರುಬದುರಾಗಿ ಹಾರಿಬಂದು ಒಂದರ ಪಕ್ಕದಲ್ಲೇ ಇನ್ನೊಂದು ಹಾದುಹೋಗುವುದನ್ನು ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಜನ ಉಸಿರು ಬಿಗಿಹಿಡಿದು ನೋಡಿದ್ದಾರೆ.

ಇದು ಆಟವಲ್ಲ. 2007ರ ಫೆಬ್ರುವರಿ 2ರಂದು ಯಲಹಂಕದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ತಂಡದ ಒಂದು ಹೆಲಿಕಾಪ್ಟರ್ ನೆಲಕ್ಕಪ್ಪಳಿಸಿತು. ಒಬ್ಬ ಪೈಲಟ್ ಪ್ರಾಣ ಕಳೆದುಕೊಂಡರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ನೆಲಕ್ಕೆ ಹತ್ತಿರದಲ್ಲಿ ಹಾರುವಾಗ ತಪ್ಪನ್ನು ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಪ್ರತಿ ಕಸರತ್ತಿನ ಹಿಂದೆಯೂ ತಿಂಗಳುಗಟ್ಟಲೆಯ ಅಭ್ಯಾಸ ಇರುತ್ತದೆ.

ರೆಕ್ಕೆಯ ಓರೆಯಲ್ಲಿದೆ ಗುಟ್ಟು

ಗಾಳಿ ಜೋರಾಗಿರುವ ದಿನ ಒಂದು ರಟ್ಟನ್ನು ಗಾಳಿಗೆ ಎದುರಾಗಿ ಅಡ್ಡಲಾಗಿ ಹಿಡಿಯಿರಿ. ಅದರ ಮುಂದಿನ ಅಂಚನ್ನು ಸ್ವಲ್ಪ ಮೇಲಕ್ಕೆತ್ತಿ. ರಟ್ಟು ಮೇಲಕ್ಕೆ ಹೋಗಲು ಎಳೆಯುತ್ತದೆ. ಮುಂದಿನ ಅಂಚನ್ನು ಕೆಳಗೆ ಬಾಗಿಸಿದರೆ ರಟ್ಟು ಕೆಳಕ್ಕೆ ಹೋಗಲು ನೋಡುತ್ತದೆ. ಹೆಲಿಕಾಪ್ಟರಿನ ರೆಕ್ಕೆಯ ಕತೆಯೂ ಇಷ್ಟೇ.

ಎಲ್ಲ ರೆಕ್ಕೆಗಳ ಓರೆಯನ್ನೂ ಒಟ್ಟಿಗೆ ಹೆಚ್ಚಿಸಿದರೆ ಅವು ಹೆಚ್ಚು ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ. ಪ್ರತಿಯೊಂದು ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಇದೆ ಎಂಬ ನ್ಯೂಟನ್ನನ ನಿಯಮ ನಿಮಗೆ ಗೊತ್ತಲ್ಲವೇ? ಗಾಳಿ ಕೆಳಕ್ಕೆ, ಹೆಲಿಕಾಪ್ಟರ್ ಮೇಲಕ್ಕೆ. ಓರೆಯನ್ನು ಕಡಿಮೆ ಮಾಡಿದರೆ ಅದು ಇಳಿಯುತ್ತದೆ.

ಮುಂದಕ್ಕೆ ಹೋಗಬೇಕಾದರೆ? ಆಗ ಪ್ರತಿ ರೆಕ್ಕೆಯೂ ಸುತ್ತಿನ ಒಂದು ಬದಿಗೆ ಬಂದಾಗ ಅದರ ಓರೆ ಹೆಚ್ಚುತ್ತದೆ, ಎದುರಿನ ಬದಿಗೆ ಹೋದಾಗ ಕಡಿಮೆಯಾಗುತ್ತದೆ. ಒಂದು ಕಡೆ ಎತ್ತುವ ಬಲ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಹೆಲಿಕಾಪ್ಟರ್ ವಾಲುತ್ತದೆ. ವಾಲಿದ ದಿಕ್ಕಿಗೆ ಸಾಗುತ್ತದೆ. ಧ್ರುವದ ರೆಕ್ಕೆ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಈ ಹೆಚ್ಚು ಕಡಿಮೆ ನಡೆಯಬೇಕು!

ಬಾಲದ ಫ್ಯಾನ್ ಏಕೆ? ನಿಮ್ಮ ಮನೆಯ ಚಾವಣಿಯ ಫ್ಯಾನನ್ನು ಕೊಕ್ಕೆಗೆ ಭದ್ರವಾಗಿ ಬಿಗಿದಿರುತ್ತಾರೆ. ಅದನ್ನು ಬರೀ ಹಗ್ಗದಿಂದ ತೂಗುಹಾಕಿ ಚಾಲೂ ಮಾಡಿದರೆ ರೆಕ್ಕೆ ಒಂದು ಕಡೆ, ಫ್ಯಾನಿನ ಕೋಲು ಅದಕ್ಕೆ ವಿರುದ್ಧ ಕಡೆ ತಿರುಗತೊಡಗುತ್ತದೆ. ಹೆಲಿಕಾಪ್ಟರ್ ಆಕಾಶದಲ್ಲಿ ಯಾವ ಕೊಕ್ಕೆಗೂ ಕಟ್ಟಿಲ್ಲ. ಅದರ ಒಡಲು ಗಿರಗಿರನೆ ತಿರುಗದಂತೆ ತಡೆಯುವುದೇ ಬಾಲದ ಫ್ಯಾನಿನ ಕೆಲಸ.

ಪುಟ್ಟ ಹೆಲಿಕಾಪ್ಟರುಗಳ ವಿಶ್ವ ಸ್ಪರ್ಧೆ

ಸಾರಂಗ್ ತಂಡ ಹಾರುವುದು ಪ್ರದರ್ಶನಕ್ಕಾಗಿ, ಅಲ್ಲಿ ಸೋಲು ಗೆಲುವು ಇಲ್ಲ. ಆದರೆ ರೇಡಿಯೋ ಅಲೆಗಳಿಂದ ನಿಯಂತ್ರಿಸುವ ಪುಟ್ಟ ಹೆಲಿಕಾಪ್ಟರುಗಳಿಗೆ ವಿಶ್ವ ಚಾಂಪಿಯನ್‌ಷಿಪ್ಪೇ ಇದೆ. ಇದನ್ನು ನಡೆಸುವುದು 1905ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ. ಹೆಲಿಕಾಪ್ಟರ್ ಕಸರತ್ತಿನ ಮೊದಲ ವಿಶ್ವ ಸ್ಪರ್ಧೆ 1985ರಲ್ಲಿ ಕೆನಡಾ ದೇಶದಲ್ಲಿ ನಡೆಯಿತು. ಜಪಾನಿನ ಸ್ಪರ್ಧಿಗಳು ಇದರಲ್ಲಿ ಬಹಳ ಹೆಸರು ಮಾಡಿದ್ದಾರೆ.

ಒಂದು ದೇಶದ ತಂಡದಲ್ಲಿ ಮೂವರು ಹಿರಿಯ ಸ್ಪರ್ಧಿಗಳು. ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹಾರಿಸುತ್ತಾರೆ. ಮೂವರ ಸಾಧನೆಯನ್ನೂ ಕೂಡಿಸಿ ದೇಶಕ್ಕೆ ಸ್ಥಾನ ಕೊಡುತ್ತಾರೆ. ಆದ್ದರಿಂದ ಒಬ್ಬರು ಎಡವಿದರೆ ಇಡೀ ತಂಡ ಹಿಂದೆ ಬೀಳುತ್ತದೆ. ಪುಟ್ಟ ಹೆಲಿಕಾಪ್ಟರಿನ ರೆಕ್ಕೆಗಳ ಅಡ್ಡಳತೆ ಸುಮಾರು ಒಂದೂವರೆ ಮೀಟರ್, ತೂಕ ಐದು ಕಿಲೋಗ್ರಾಂ ಆಸುಪಾಸು. ಹಾರಿಸುವವರು ಎರಡು ಕಡ್ಡಿಗಳಿರುವ ಒಂದು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ನಿಂತಿರುತ್ತಾರೆ. ಕಡ್ಡಿಯನ್ನು ಅಲುಗಿಸಿದರೆ ಆ ಸೂಚನೆ ರೇಡಿಯೋ ಅಲೆಯಾಗಿ ಹೋಗಿ ಹೆಲಿಕಾಪ್ಟರನ್ನು ಸೇರುತ್ತದೆ. ಅಲ್ಲಿರುವ ಚಿಕ್ಕ ಮೋಟಾರುಗಳು ರೆಕ್ಕೆಯ ಓರೆಯನ್ನು ಬದಲಿಸುತ್ತವೆ.

ಯಾವ ಕಸರತ್ತು ಮಾಡಬೇಕು, ಯಾವುದಾದ ಮೇಲೆ ಯಾವುದು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ನಿಮ್ಮ ಪರೀಕ್ಷೆಯಂತೆಯೇ ಇಲ್ಲಿಯೂ ಅಂಕ ಕೊಡುತ್ತಾರೆ. ತೀರ್ಪುಗಾರರು ಸಾಲಾಗಿ ಕುಳಿತು ಪ್ರತಿ ಕಸರತ್ತಿಗೂ 0ರಿಂದ 10ರವರೆಗೆ ಅಂಕ ಹಾಕುತ್ತಾರೆ. ಗಾಳಿ ಎಷ್ಟೇ ಬೀಸಿದರೂ ಹೆಲಿಕಾಪ್ಟರ್ ಒಂದೇ ಜಾಗದಲ್ಲಿ ಗೂಟ ಹೊಡೆದಂತೆ ನಿಲ್ಲಬೇಕು. ವೃತ್ತ ಬರೆದರೆ ವೃತ್ತವಾಗಿಯೇ ಇರಬೇಕು, ಮೊಟ್ಟೆಯಾಕಾರವಾದರೆ ಅಂಕ ಹೋಯಿತು.

ಇದು ಏಕೆ ಕಷ್ಟ ಗೊತ್ತೇ? ನಿಮ್ಮ ಗೆಳೆಯನನ್ನು ಎದುರಿಗೆ ನಿಲ್ಲಿಸಿಕೊಳ್ಳಿ. ಅವನು ತನ್ನ ಬಲಗೈ ಎತ್ತಿದರೆ ಅದು ನಿಮ್ಮ ಎಡಕ್ಕೆ ಇರುತ್ತದೆ. ಹೆಲಿಕಾಪ್ಟರ್ ಕೂಡ ಮೂಗನ್ನು ನಿಮ್ಮ ಕಡೆ ತಿರುಗಿಸಿದ ಕೂಡಲೇ ಎಡ ಬಲ ಅದಲುಬದಲಾಗುತ್ತವೆ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಬೆರಳು ಸರಿಯಾದ ಕಡೆಗೆ ಹೋಗಬೇಕು.

ಚಿಕ್ಕದಕ್ಕೆ ಸುಲಭ, ದೊಡ್ಡದಕ್ಕೆ ಕಷ್ಟ

ಪುಟ್ಟ ಹೆಲಿಕಾಪ್ಟರ್ ತಲೆಕೆಳಗಾಗಿಯೂ ಹಾರುತ್ತದೆ! ರಟ್ಟಿನ ಮುಂದಿನ ಅಂಚನ್ನು ಕೆಳಗೆ ಬಾಗಿಸಿದ್ದು ನೆನಪಿದೆಯೇ? ಹಾಗೆಯೇ ಇದರ ರೆಕ್ಕೆಗಳ ಓರೆಯನ್ನು ಪೂರ್ತಿ ತಿರುವುಮುರುವು ಮಾಡಬಹುದು. ಆಗ ತಲೆಕೆಳಗಾದ ಹೆಲಿಕಾಪ್ಟರಿನ ರೆಕ್ಕೆ ಕೂಡ ಗಾಳಿಯನ್ನು ನೆಲದ ಕಡೆಗೇ ತಳ್ಳುತ್ತದೆ.

ದೊಡ್ಡ ಹೆಲಿಕಾಪ್ಟರ್ ಹೀಗೇಕೆ ಮಾಡುವುದಿಲ್ಲ? ಮಣ್ಣಿನಿಂದ 1 ಸೆಂಟಿಮೀಟರಿನ ಒಂದು ಘನ, 2 ಸೆಂಟಿಮೀಟರಿನ ಇನ್ನೊಂದು ಘನ ಮಾಡಿ. ಎರಡನೆಯದರ ಪ್ರತಿ ಮುಖ 4 ಪಟ್ಟು ದೊಡ್ಡದು, ಆದರೆ ತೂಕ 8 ಪಟ್ಟು ಹೆಚ್ಚು. ಅಂದರೆ ವಸ್ತು ದೊಡ್ಡದಾದಂತೆ ತೂಕ ಬಹು ಬೇಗ ಬೆಳೆಯುತ್ತದೆ, ಅದನ್ನು ಹೊರುವ ಬಲ ಅಷ್ಟು ಬೇಗ ಬೆಳೆಯುವುದಿಲ್ಲ. ಇರುವೆ ತನಗಿಂತ ಭಾರವಾದ ಕಾಳನ್ನು ಹೊರುತ್ತದೆ, ಆನೆ ತನ್ನಷ್ಟೇ ತೂಕದ ಇನ್ನೊಂದು ಆನೆಯನ್ನು ಹೊತ್ತು ನಡೆಯಲಾರದು. ಪುಟ್ಟ ಹೆಲಿಕಾಪ್ಟರ್ ಇರುವೆಯ ಹಾಗೆ. ಅದರ ರೆಕ್ಕೆ ನಿಮಿಷಕ್ಕೆ 1,500 ಸುತ್ತಿಗೂ ಹೆಚ್ಚು ತಿರುಗಬಲ್ಲದು. ಜೊತೆಗೆ ಅದರೊಳಗೆ ಮನುಷ್ಯರಿಲ್ಲ.

ಹಾಗೆಂದು ಅದು ಆಟಿಕೆಯಲ್ಲ. ಅಷ್ಟು ವೇಗವಾಗಿ ತಿರುಗುವ ರೆಕ್ಕೆ ತಗುಲಿದರೆ ಪ್ರಾಣಾಪಾಯ. ಎಲ್ಲಿಯಾದರೂ ಇದನ್ನು ಹಾರಿಸುವುದು ಕಂಡರೆ ದೂರ ನಿಂತೇ ನೋಡಬೇಕು.

ಕೊನೆಯ ಪರೀಕ್ಷೆ

ಈಗ ನಮ್ಮ ಪ್ರಶ್ನೆಗೆ ಬರೋಣ. ವಿಶ್ವ ಸ್ಪರ್ಧೆಯಲ್ಲಿ ಹಾರಾಟ ಮುಗಿಯುವುದು ಒಂದು ವಿಚಿತ್ರ ಕಸರತ್ತಿನಿಂದ. ಹೆಲಿಕಾಪ್ಟರ್ ಎತ್ತರದಲ್ಲಿದ್ದಾಗ ಎಂಜಿನ್ನಿನ ಬಲವನ್ನು ಪೂರ್ತಿ ತೆಗೆದುಬಿಡುತ್ತಾರೆ. ಸದ್ದು ಅಡಗುತ್ತದೆ. ಆದರೂ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ. ಸುಯ್ಯೆಂದು ಇಳಿದುಬಂದು ನೆಲದ ಮೇಲೆ ಗುರುತು ಮಾಡಿದ ವೃತ್ತದೊಳಗೆ ಮೆಲ್ಲಗೆ ಕೂರುತ್ತದೆ. ವೃತ್ತದ ಹೊರಗೆ ಇಳಿದರೆ ಅಂಕ ಕಡಿಮೆ.

ಇದು ಹೇಗೆ ಸಾಧ್ಯ? ನೀವು ಸೈಕಲ್ ತುಳಿಯುವುದನ್ನು ನಿಲ್ಲಿಸಿದರೂ ಹಿಂದಿನ ಚಕ್ರ ತಿರುಗುತ್ತಲೇ ಇರುತ್ತದೆ. ಅದಕ್ಕೆ ಕಾರಣ ಫ್ರೀವೀಲ್. ಹೆಲಿಕಾಪ್ಟರಿನಲ್ಲೂ ಅಂಥ ಒಂದು ವ್ಯವಸ್ಥೆ ಇದೆ. ಎಂಜಿನ್ ನಿಂತರೂ ರೆಕ್ಕೆಗಳು ತಮ್ಮಷ್ಟಕ್ಕೆ ತಿರುಗಬಲ್ಲವು. ಪೈಲಟ್ ತಕ್ಷಣ ರೆಕ್ಕೆಗಳ ಓರೆಯನ್ನು ತಗ್ಗಿಸುತ್ತಾರೆ. ಹೆಲಿಕಾಪ್ಟರ್ ಕೆಳಗಿಳಿಯುವಾಗ ಗಾಳಿ ಕೆಳಗಿನಿಂದ ಮೇಲಕ್ಕೆ ರೆಕ್ಕೆಗಳ ನಡುವೆ ನುಗ್ಗುತ್ತದೆ, ಅವನ್ನು ತಿರುಗಿಸುತ್ತ ಹೋಗುತ್ತದೆ. ಹೌದು, ಹೆಲಿಕಾಪ್ಟರ್ ಈಗ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರದಂತೆಯೇ ಆಗಿದೆ! ತಿರುಗುವ ರೆಕ್ಕೆಗಳು ಇಳಿಯುವ ವೇಗಕ್ಕೆ ಕಡಿವಾಣ ಹಾಕುತ್ತವೆ. ನೆಲ ಹತ್ತಿರವಾದಾಗ ಪೈಲಟ್ ಓರೆಯನ್ನು ಒಮ್ಮೆಗೇ ಹೆಚ್ಚಿಸುತ್ತಾರೆ. ರೆಕ್ಕೆಗಳಲ್ಲಿ ಕೂಡಿಟ್ಟ ವೇಗವೆಲ್ಲ ಆಗ ಹೆಲಿಕಾಪ್ಟರನ್ನು ಎತ್ತಿ ಹಿಡಿಯಲು ಖರ್ಚಾಗುತ್ತದೆ. ಈ ಅವಕಾಶ ಒಂದೇ ಸಲ. ಬೇಗ ಮಾಡಿದರೆ ಎತ್ತರದಲ್ಲೇ ವೇಗ ಮುಗಿದುಹೋಗುತ್ತದೆ, ತಡವಾದರೆ ನೆಲಕ್ಕೆ ಅಪ್ಪಳಿಸುತ್ತದೆ.

ಮೈದಾನದಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಹೆಚ್ಚೆಂದರೆ ಪುಟ್ಟ ಹೆಲಿಕಾಪ್ಟರ್ ಮುರಿಯುತ್ತದೆ. ದೊಡ್ಡ ಹೆಲಿಕಾಪ್ಟರಿನಲ್ಲಿ ಜನರ ಪ್ರಾಣವೇ ಇರುತ್ತದೆ. ಧ್ರುವದಂಥ ಹೆಲಿಕಾಪ್ಟರಿಗೆ ಎರಡು ಎಂಜಿನ್ ಇರುವುದು ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದೇ. ಅಷ್ಟಿದ್ದರೂ ಹೆಲಿಕಾಪ್ಟರ್ ಪೈಲಟ್‌ಗಳು ಎಂಜಿನ್ ಬಲವಿಲ್ಲದೆ ಇಳಿಯುವುದನ್ನು ಕಲಿಯುತ್ತಾರೆ. ಇದಕ್ಕೆ ಸಾಕಷ್ಟು ಎತ್ತರ ಅಥವಾ ವೇಗ ಇರಬೇಕು. ಎರಡೂ ಇಲ್ಲದಿದ್ದರೆ ಗಾಳಿಗೆ ರೆಕ್ಕೆಯನ್ನು ತಿರುಗಿಸಲು ಸಮಯ ಸಿಗುವುದಿಲ್ಲ.

ಮಾಡಿ ನೋಡಿ: ಕಾಗದದ ಹೆಲಿಕಾಪ್ಟರ್

ಬೇಕಾಗುವ ಸಾಮಗ್ರಿ: 20 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಕಾಗದದ ಪಟ್ಟಿ, ಕತ್ತರಿ, ಕಾಗದಗಳನ್ನು ಸೇರಿಸುವ ಒಂದೆರಡು ಕ್ಲಿಪ್ಪು.

1. ಪಟ್ಟಿಯನ್ನು ಉದ್ದುದ್ದ ಹಿಡಿದು, ಮೇಲಿನ ತುದಿಯಿಂದ ನಡುಮಧ್ಯೆ 9 ಸೆಂಟಿಮೀಟರ್ ಕತ್ತರಿಸಿ. ಎರಡು ಕಿವಿಗಳಾದವು.
2. ಒಂದು ಕಿವಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆ ಕಡೆಗೆ ಮಡಿಸಿ. ಇವೇ ರೆಕ್ಕೆಗಳು.
3. ಕೆಳಗಿನ ಅರ್ಧವನ್ನು ಎರಡೂ ಬದಿಯಿಂದ ಒಳಕ್ಕೆ ಮಡಿಸಿ ಕಿರಿದು ಮಾಡಿ, ತುದಿಗೆ ಕ್ಲಿಪ್ಪು ಸಿಕ್ಕಿಸಿ.
4. ಕೈಯನ್ನು ಎತ್ತರಕ್ಕೆ ಚಾಚಿ ಬಿಟ್ಟುಬಿಡಿ.

ಎಂಜಿನ್ ಇಲ್ಲದ ನಿಮ್ಮ ಹೆಲಿಕಾಪ್ಟರ್ ಗಿರಗಿರನೆ ತಿರುಗುತ್ತ ಇಳಿಯುವುದನ್ನು ಗಮನಿಸಿ. ಅಷ್ಟೇ ದೊಡ್ಡ ಕಾಗದಕ್ಕೆ ಕ್ಲಿಪ್ಪು ಸಿಕ್ಕಿಸಿ, ಉಂಡೆ ಮಾಡಿ, ಜೊತೆಯಲ್ಲೇ ಬಿಡಿ. ಯಾವುದು ಮೊದಲು ನೆಲ ಮುಟ್ಟಿತು? ರೆಕ್ಕೆಗಳನ್ನು ತಿರುವುಮುರುವಾಗಿ ಮಡಿಸಿದರೆ ತಿರುಗುವ ದಿಕ್ಕು ಏನಾಯಿತು? ಇನ್ನೊಂದು ಕ್ಲಿಪ್ಪು ಸೇರಿಸಿದರೆ ವೇಗ ಏನಾಯಿತು? ಉತ್ತರಗಳನ್ನು ನಿಮ್ಮ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದು ಗುರುಗಳಿಗೆ ತೋರಿಸಿ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ಮೂವರು ಮೂವರ ತಂಡ ಕಟ್ಟಿಕೊಂಡು, ಯಾರ ಹೆಲಿಕಾಪ್ಟರ್ ವೃತ್ತದೊಳಗೆ ಇಳಿಯುತ್ತದೆ ಎಂದು ಸ್ಪರ್ಧೆಯನ್ನೂ ನಡೆಸಿ.